ಕೈಕಸುಬಿನವರ ಕೂಡು ಅಂಗಡಿ

‘ಅಂಗಡಿ’ ಎಂಬುದು ನಮ್ಮ ನಾಡಿನ ಹಳೆಯ ಮಾತು. ಕುಂಜತ್ತೂರಿನಿಂದ ತೆಂಕಕ್ಕೆ ಹೆದ್ದಾರಿಯಲ್ಲಿ ಹೋದರೆ ಹೊಸಂಗಡಿ ಸಿಗುತ್ತದೆ. ಗಡಿ ದಾಟಿದರೆ ಹಳೆಯಂಗಡಿ, ಉಪ್ಪಿನಂಗಡಿ, ಬೆಳ್ತಂಗಡಿಗಳಿವೆ. ಇಂದಿನ ಕನ್ನಡದಲ್ಲಿ ಅಂಗಡಿಯೆಂದರೆ ಒಬ್ಬ ವ್ಯಾಪಾರಿಯ ಮಳಿಗೆ. ಮಲೆಯಾಳದ ‘ಅಂಙಾಡಿ’ಯಾದರೋ ಹಲವು ಮಳಿಗೆಗಳು ಸೇರಿದ ಪೇಟೆ. ಮೇಲೆ ಹೇಳಿದ ಊರ ಹೆಸರುಗಳಲ್ಲಿ ಉಳಿದುಕೊಂಡಿರುವುದೂ ಆ ಪೇಟೆಯ ಅರ್ಥವೇ ಎಂದು ತೋರುತ್ತದೆ. ಒಬ್ಬನ ಮಳಿಗೆ, ಹಲವರ ಪೇಟೆ, ಇವೆರಡರ ನಡುವೆ ಮೂರನೆಯದೊಂದಿದೆ: ಹಲವರು ಸೇರಿ ಇಟ್ಟುಕೊಂಡ ಒಂದೇ ಮಳಿಗೆ. ಅದನ್ನು ನಾವು ಕೂಡು ಅಂಗಡಿ ಎಂದು ಕರೆಯೋಣ. ಕೂಡು ಕುಟುಂಬದ ಸುಖವೂ ಇದರಲ್ಲಿದೆ, ಜಗಳವೂ ಇದೆ.

ಈಗ ಅಂಗಡಿಗೆ ಗೋಡೆ, ಮಾಡು, ಬಾಗಿಲು ಬೇಕೆಂದಿಲ್ಲ. ಮೊಬೈಲಿನಲ್ಲಿ ನಾಲ್ಕು ಚಿತ್ರ ಹಾಕಿ, ಬೆಲೆ ಬರೆದು, ಹಣ ಕಳುಹಿಸಬೇಕಾದ ಸಂಖ್ಯೆಯನ್ನು ಕೊಟ್ಟರೆ ಅಂಗಡಿ ತೆರೆದಂತೆಯೇ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಇದನ್ನು ಒಂದು ಮಧ್ಯಾಹ್ನದೊಳಗೆ ಮಾಡಬಲ್ಲರು. ಅಧ್ಯಾಪಕರಾದ ನಮಗಿಂತ ಬೇಗ ಮಾಡಬಲ್ಲರು. ಆದುದರಿಂದ ಅಂಗಡಿ ತೆರೆಯುವ ವಿದ್ಯೆಯನ್ನು ಇಲ್ಲಿ ಕಲಿಸಲು ಹೊರಟಿಲ್ಲ. ಆರೇಳು ಮನೆಯವರು ಸೇರಿ ತೆರೆದ ಅಂಗಡಿ ಮೂರನೆಯ ತಿಂಗಳಿಗೂ ತೆರೆದೇ ಇರಬೇಕಾದರೆ ಏನೇನು ಬೇಕು ಎಂಬುದು ನಮ್ಮ ಪ್ರಶ್ನೆ.

ಮೊದಲು, ಸೇರಬೇಕಾದರೂ ಏಕೆ? ನಮ್ಮ ಸುತ್ತಲಿನ ಮನೆಗಳನ್ನೇ ನೋಡಿರಿ. ಒಂದು ಮನೆಯಲ್ಲಿ ಮುಂಡೇವಿನ ಓಲೆಯ ಚಾಪೆ ಹೆಣೆಯುವ ಅಜ್ಜಿ ಇದ್ದಾರೆ. ಇನ್ನೊಂದರಲ್ಲಿ ಅಡಿಕೆ ಹಾಳೆಯ ಮುಟ್ಟಾಳೆ ಮಾಡುವವರು, ಮತ್ತೊಂದರಲ್ಲಿ ತೆಂಗಿನ ಚಿಪ್ಪಿನ ಸೌಟು ಮಾಡುವವರು, ಬಟ್ಟೆಯ ಚೀಲ ಹೊಲಿಯುವವರು. ಕೊರಗ ಸಮುದಾಯದವರು ಕಾಡಿನ ಬೀಳು, ಬಿದಿರುಗಳಿಂದ ಹೆಣೆಯುವ ಬುಟ್ಟಿಯನ್ನು ಈ ಸೀಮೆಯಲ್ಲಿ ತಲೆತಲಾಂತರದಿಂದ ಎಲ್ಲರೂ ಬಳಸಿದ್ದಾರೆ. ಹೆಣೆದವರಿಗೆ ಸಲ್ಲಬೇಕಾದ ಬೆಲೆಯನ್ನು ಕೊಟ್ಟವರು ಕಡಮೆ. ಇವರಲ್ಲಿ ಒಬ್ಬೊಬ್ಬರ ಉತ್ಪನ್ನವೂ ಸ್ವಲ್ಪವೇ. ತಿಂಗಳಿಗೆ ನಾಲ್ಕು ಚಾಪೆ ಹೆಣೆಯುವವರು ತಾವೊಬ್ಬರೇ ಅಂಗಡಿಯಿಟ್ಟರೆ, ನಾಲ್ಕು ಮಾರಾಟವಾದ ಮರುದಿನ ಅಂಗಡಿ ಖಾಲಿ. ಖಾಲಿ ಅಂಗಡಿಗೆ ಬಂದ ಗಿರಾಕಿ ಎರಡನೆಯ ಬಾರಿ ಬರುವುದಿಲ್ಲ. ಅಲ್ಲದೆ, ಓಲೆ ಸೀಳುವ ಕೈ ಅದೇ ಗಳಿಗೆಯಲ್ಲಿ ಫೋನಿಗೆ ಉತ್ತರ ಕೊಡಲಾರದು. ‘ಬೆಲೆ ಎಷ್ಟು? ಸ್ವಲ್ಪ ಕಡಮೆ ಮಾಡುವಿರಾ? ಬೆಂಗಳೂರಿಗೆ ಕಳುಹಿಸುವಿರಾ?’ ಎಂದು ಹತ್ತು ಮಂದಿ ಕೇಳಿ ಒಬ್ಬರು ಕೊಳ್ಳುತ್ತಾರೆ. ಆ ಹತ್ತು ಮಂದಿಗೂ ಉತ್ತರಿಸುವುದು ಒಂದು ಕೆಲಸವೇ ಸರಿ. ಆರು ಮನೆ ಸೇರಿದರೆ ಅಂಗಡಿಯಲ್ಲಿ ಯಾವಾಗಲೂ ಏನಾದರೂ ಇರುತ್ತದೆ, ಉತ್ತರ ಕೊಡಲು ಯಾರಾದರೂ ಇರುತ್ತಾರೆ.

ಇದು ಹೊಸ ಯೋಚನೆಯೇನೂ ಅಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಬಟ್ಟೆ ಗಿರಣಿಗಳ ಪಟ್ಟಣದಲ್ಲಿ 28 ಮಂದಿ ಕೆಲಸಗಾರರು, ಅವರಲ್ಲಿ ಹಲವರು ನೇಕಾರರು, 28 ಪೌಂಡು ಕೂಡಿಸಿ 1844ರ ಡಿಸೆಂಬರ್ 21ರಂದು ಒಂದು ಅಂಗಡಿ ತೆರೆದರು. ಅಲ್ಲಿ ಇದ್ದುದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಮತ್ತು ಮೇಣದ ಬತ್ತಿ, ಇಷ್ಟೇ. ಇಂತಹ ಅಂಗಡಿಗಳನ್ನು ಅದಕ್ಕೂ ಮೊದಲು ಬೇರೆಯವರು ತೆರೆದು ಮುಚ್ಚಿದ್ದರು. ರಾಚ್‌ಡೇಲಿನವರ ಅಂಗಡಿ ಉಳಿಯಿತು, ಬೆಳೆಯಿತು. ಅದಕ್ಕೆ ಕಾರಣ ಅವರು ಮೊದಲೇ ಬರೆದಿಟ್ಟುಕೊಂಡ ನಿಯಮಗಳು: ಸದಸ್ಯ ಎಷ್ಟೇ ಹಣ ಹಾಕಿರಲಿ, ಒಬ್ಬನಿಗೆ ಒಂದೇ ಮತ, ಕಲಬೆರಕೆ ಮಾಡಬಾರದು, ತೂಕದಲ್ಲಿ ಮೋಸ ಕೂಡದು, ಲೆಕ್ಕ ಎಲ್ಲರಿಗೂ ಕಾಣಬೇಕು, ಲಾಭವನ್ನು ವ್ಯಾಪಾರದ ಪ್ರಮಾಣದಲ್ಲಿ ಹಂಚಬೇಕು. ಇವುಗಳಲ್ಲಿ ಯಾವುದೂ ಬುದ್ಧಿವಂತರಿಗೆ ಮಾತ್ರ ಹೊಳೆಯುವ ಮಾತಲ್ಲ. ಬರೆದಿಟ್ಟುಕೊಂಡು ಹಾಗೆಯೇ ನಡೆದರು ಎಂಬುದಷ್ಟೇ ವಿಶೇಷ.

ಭಾರತದಲ್ಲಿ 1904ರಲ್ಲಿ ಸಹಕಾರ ಸಂಘಗಳ ಕಾಯಿದೆ ಬಂತು. ಮರುವರ್ಷವೇ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರ ಸಂಘ ಹುಟ್ಟಿತು. ಅಂದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ನಮ್ಮ ಸೀಮೆಯಲ್ಲಿ ಪುತ್ತೂರಿನ ಮೊಳಹಳ್ಳಿ ಶಿವರಾಯರು ಈ ಚಳವಳಿಯನ್ನು ಊರೂರಿಗೆ ತಲಪಿಸಿದರು. ಮುಂದೆ 1973ರಲ್ಲಿ ಅಡಿಕೆಯ ಬೆಲೆ ಕುಸಿದಿದ್ದಾಗ ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಆರಂಭವಾಯಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಅದರ ಸದಸ್ಯರು. ನಮ್ಮಲ್ಲಿ ಹಲವರ ಮನೆಯ ಅಡಿಕೆ ಇಂದಿಗೂ ಅಲ್ಲಿಗೇ ಹೋಗುತ್ತದೆ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು ಕಾಸರಗೋಡಿನ ನೇಕಾರರ ಸಂಘ. 1938ರಲ್ಲಿ ಸ್ಥಾಪನೆಯಾದ ಕಾಸರಗೋಡು ನೇಕಾರರ ಸಹಕಾರಿ ಉತ್ಪಾದನ ಮತ್ತು ಮಾರಾಟ ಸಂಘದ ಹೆಸರನ್ನು ಗಮನಿಸಿರಿ: ಉತ್ಪಾದನೆಯೂ ಇದೆ, ಮಾರಾಟವೂ ಇದೆ. ನೇಯುವವರದೇ ಸಂಘ, ಮಾರುವುದೂ ಸಂಘವೇ. ಸಣ್ಣ ಎಳೆಯ ಹತ್ತಿ ನೂಲಿನಿಂದ ಕೈಮಗ್ಗದಲ್ಲಿ ನೇಯ್ದ ಕಾಸರಗೋಡು ಸೀರೆ ಬಾಳಿಕೆಗೆ ಹೆಸರಾದದ್ದು. ಕೇರಳದ ಬಿಳಿ ಕಸವಿನ ಸೀರೆಗಳಿಂದ ಬೇರೆಯಾಗಿ ಬಣ್ಣಬಣ್ಣದ್ದು. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಎಂದರೆ ಆ ಹೆಸರನ್ನು ಬೇರೆ ಊರಿನ ಬಟ್ಟೆಗೆ ಅಂಟಿಸಿ ಮಾರುವಂತಿಲ್ಲ.

ನೇಕಾರರ ಸಂಘಗಳು ನಡೆದುಬಂದ ಕ್ರಮವನ್ನು ನೋಡಿದರೆ ನಮಗೆ ಒಂದು ಪಾಠ ಸಿಗುತ್ತದೆ. ನೂಲನ್ನು ತೂಕಮಾಡಿ ಕೊಡುತ್ತಾರೆ. ನೇಯ್ದು ತಂದ ಬಟ್ಟೆಯನ್ನು ತೂಕಮಾಡಿ, ಅಳೆದು, ಬೆಳಕಿಗೆ ಹಿಡಿದು ನೋಡಿ ತೆಗೆದುಕೊಳ್ಳುತ್ತಾರೆ. ಎಳೆ ತಪ್ಪಿದ್ದರೆ ಅಲ್ಲಿಯೇ ಹೇಳುತ್ತಾರೆ. ಕೂಲಿ ಇಷ್ಟೆಂದು ಮೊದಲೇ ಗೊತ್ತಿರುತ್ತದೆ. ಯಾರಿಗೂ ಯಾರ ಮೇಲೂ ಸಂಶಯ ಇರುವುದರಿಂದ ತೂಕಮಾಡುವುದಲ್ಲ. ತೂಕಮಾಡುವುದರಿಂದ ಸಂಶಯಕ್ಕೆ ಎಡೆಯಿಲ್ಲ. ಮೊಬೈಲಿನ ಅಂಗಡಿ ತೆರೆಯುವ ನಮ್ಮ ಗೆಳೆಯರು ಮರೆಯುವುದು ಈ ತಕ್ಕಡಿಯನ್ನೇ. ‘ನಮ್ಮೊಳಗೆ ಲೆಕ್ಕ ಯಾಕೆ?’ ಎಂದು ಆರಂಭವಾದ ಕೂಟ ‘ನನ್ನ ಲೆಕ್ಕ ಕೊಡಿ’ ಎಂದು ಮುಗಿಯುತ್ತದೆ.

ಒಗ್ಗಟ್ಟಿದ್ದರೆ ಎಲ್ಲವೂ ಸರಿಹೋಗುತ್ತದೆ ಎಂದು ಹೇಳಲೂ ನಾವು ಸಿದ್ಧರಿಲ್ಲ. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನರು 1996ರಲ್ಲಿ ಹಳ್ಳಿಯ ಹೆಂಗಸರೊಂದಿಗೆ ‘ಚರಕ’ ಸಂಸ್ಥೆಯನ್ನು ಕಟ್ಟಿದರು. ಅಲ್ಲಿ ಕೈಮಗ್ಗದ ಬಟ್ಟೆಗೆ ಅಡಿಕೆಯ ಚೊಗರಿನಂತಹ ಸಹಜ ಬಣ್ಣ ಹಾಕುತ್ತಾರೆ. ಮಾಡುವ ಸಂಸ್ಥೆ ಒಂದು, ಮಾರುವುದಕ್ಕೆ ‘ದೇಸಿ’ ಎಂಬ ಇನ್ನೊಂದು ಸಂಸ್ಥೆ. ಅವರ ಜುಬ್ಬಾ ತೊಟ್ಟವರನ್ನು ಕನ್ನಡ ಸಭೆಗಳಲ್ಲಿ ಎಲ್ಲಿಯೂ ಕಾಣಬಹುದು. ಅಷ್ಟು ಹೆಸರು, ಅಷ್ಟು ಶಿಸ್ತು ಇದ್ದ ಸಂಸ್ಥೆಯೂ 2020ರಲ್ಲಿ ಕೋವಿಡ್ ಕಾಲದಲ್ಲಿ ಮಾರಾಟ ನಿಂತು, ಸರಕು ರಾಶಿಬಿದ್ದು, ತೀವ್ರ ಸಂಕಟಕ್ಕೆ ಸಿಕ್ಕಿತು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದ್ದು, ಒಳರಸ್ತೆಗಳಿಗೆ ಮಣ್ಣು ಸುರಿದದ್ದು ನಮ್ಮ ಊರಿನವರಿಗೆ ನೆನಪಿದೆ. ಆಸ್ಪತ್ರೆಗೆ ಹೋಗಬೇಕಾದವರ ಕಷ್ಟ ಎಲ್ಲಕ್ಕಿಂತ ದೊಡ್ಡದು. ಅದರ ಮುಂದೆ ವ್ಯಾಪಾರದ ಮಾತು ಸಣ್ಣದೇ. ಆದರೂ ಮಂಗಳೂರಿನ ಪೇಟೆಯೊಂದನ್ನೇ ನಂಬಿದ್ದವರಿಗೆ ಒಂದು ಬೆಳಗ್ಗೆ ಪೇಟೆಯೇ ಇಲ್ಲವಾಯಿತು. ಒಂದೇ ದಾರಿಯ ಮೇಲೆ ಎಲ್ಲ ಭಾರವನ್ನೂ ಹಾಕಬಾರದೆಂದು ಆಗ ತಿಳಿಯಿತು. ಮೊಬೈಲಿನ ಅಂಗಡಿ ಇನ್ನೊಂದು ದಾರಿ, ಅಷ್ಟೇ; ಹಳೆಯ ದಾರಿಯನ್ನು ಬಿಟ್ಟುಬಿಡಲು ಅದು ನೆಪವಾಗಬಾರದು.

ಇನ್ನು, ಅಂಗಡಿ ಯಾರದು ಎಂಬ ಪ್ರಶ್ನೆ. ಅಮೇರಿಕದಲ್ಲಿ 2005ರಲ್ಲಿ ‘ಎಟ್ಸಿ’ ಎಂಬ ಆನ್‌ಲೈನ್ ಮಾರುಕಟ್ಟೆ ಆರಂಭವಾಯಿತು. ಕೈಯಿಂದ ಮಾಡಿದ ವಸ್ತುಗಳಿಗೇ ಅದು ಮೀಸಲೆಂದು ಹೆಸರು ಪಡೆಯಿತು; ಲೋಕದ ನಾನಾ ಕಡೆಯ ಕೈಕಸುಬಿನವರು ಅಲ್ಲಿ ನೆಲೆ ಕಂಡುಕೊಂಡರು. ಆದರೆ ಮಾರುಕಟ್ಟೆ ಕಂಪೆನಿಯದು. 2013ರಲ್ಲಿ ಹೊರಗಿನ ತಯಾರಕರಿಂದ ಮಾಡಿಸಿದ ವಸ್ತುಗಳಿಗೂ ಷರತ್ತಿನ ಮೇಲೆ ಅವಕಾಶ ಕೊಟ್ಟರು. 2022ರ ಏಪ್ರಿಲಿನಲ್ಲಿ ಪ್ರತಿ ಮಾರಾಟದ ಮೇಲೆ ತೆಗೆದುಕೊಳ್ಳುತ್ತಿದ್ದ ಶುಲ್ಕವನ್ನು ನೂರಕ್ಕೆ 5ರಿಂದ 6.5ಕ್ಕೆ ಏರಿಸಿದರು. ಆಗ ಸಾವಿರಾರು ಮಾರಾಟಗಾರರು ಒಂದು ವಾರ ತಮ್ಮ ತಮ್ಮ ಮಳಿಗೆಗಳನ್ನು ಮುಚ್ಚಿ ಮುಷ್ಕರ ಹೂಡಿದರು. ಶುಲ್ಕ ಇಳಿಯಲಿಲ್ಲ. ಆ ಮುಷ್ಕರದಲ್ಲಿ ಪರಿಚಿತರಾದವರಲ್ಲಿ ಕೆಲವರು ಮುಂದೆ ಕೂಡಿಕೊಂಡು, ಮಾರಾಟಗಾರರೇ ಒಡೆಯರಾಗಿರುವ ‘ಆರ್ಟಿಸನ್ಸ್ ಕೋಆಪರೇಟಿವ್’ ಎಂಬ ಆನ್‌ಲೈನ್ ಅಂಗಡಿಯನ್ನು 2023ರ ಅಕ್ಟೋಬರಿನಲ್ಲಿ ತೆರೆದರು. ರಾಚ್‌ಡೇಲಿನವರು ಬೀದಿಯಲ್ಲಿ ಮಾಡಿದ್ದನ್ನು ಇವರು ತಂತಿಯಿಲ್ಲದ ದಾರಿಯಲ್ಲಿ ಮಾಡಿದರು.

ದೊಡ್ಡ ಕಂಪೆನಿಯ ಮಾರುಕಟ್ಟೆಗೆ ಹೋಗಲೇಬಾರದೆಂದು ನಾವು ಹೇಳುವುದಿಲ್ಲ. ಅಲ್ಲಿ ಜನ ಬರುತ್ತಾರೆ. ನಮ್ಮ ಸಣ್ಣ ಅಂಗಡಿಗೆ ಜನರನ್ನು ನಾವೇ ಕರೆದು ತರಬೇಕು. ನೂರಕ್ಕೆ ಇಷ್ಟೆಂದು ಕೊಡುವ ಶುಲ್ಕ ಆ ಜನಜಂಗುಳಿಯ ಬಾಡಿಗೆ. ಬಾಡಿಗೆ ಕೊಟ್ಟು ಕುಳಿತವನು ಬಾಡಿಗೆ ಏರಿದಾಗ ಏನು ಮಾಡುವೆನೆಂಬುದನ್ನು ಮೊದಲೇ ಯೋಚಿಸಿರಬೇಕು, ಗಿರಾಕಿಗಳ ಹೆಸರು ವಿಳಾಸಗಳನ್ನು ತನ್ನ ಪುಸ್ತಕದಲ್ಲಿ ಅವರ ಒಪ್ಪಿಗೆ ಪಡೆದು ಬರೆದಿಟ್ಟುಕೊಂಡಿರಬೇಕು, ಇಷ್ಟೇ ನಮ್ಮ ಮಾತು.

ಈಗ ಒಂದು ಲೆಕ್ಕ ಮಾಡೋಣ. ಇದರಲ್ಲಿರುವ ಅಂಕಿಗಳು ಅಭ್ಯಾಸಕ್ಕಾಗಿ ನಾವು ಇಟ್ಟುಕೊಂಡವು. ಆರು ಮನೆಯವರ ಕೂಡು ಅಂಗಡಿ. ಜಾಲತಾಣ, ಫೋನು, ರಟ್ಟಿನ ಪೆಟ್ಟಿಗೆ, ಅಂಟುಪಟ್ಟಿ, ರಿಕ್ಷಾ ಬಾಡಿಗೆ ಎಲ್ಲ ಸೇರಿ ತಿಂಗಳ ಖರ್ಚು 3,000 ರೂಪಾಯಿ. ಆ ತಿಂಗಳ ಒಟ್ಟು ಮಾರಾಟ 30,000. ಅದರಲ್ಲಿ ಚೀಲ ಹೊಲಿಯುವವರದು 12,000. ಚಾಪೆಯವರದು, ಆ ತಿಂಗಳು ಮಳೆಯಿಂದ ಓಲೆ ಒಣಗದೆ, ಬರೀ 500.

ಖರ್ಚನ್ನು ಸಮವಾಗಿ ಹಂಚಿದರೆ ತಲಾ 500. ಚಾಪೆಯವರ ಕೈಗೆ ಏನೂ ಬರಲಿಲ್ಲ. ಮುಂದಿನ ತಿಂಗಳು ಅವರು ಬರುವುದಿಲ್ಲ. ಹಾಗಾದರೆ ಮಾರಾಟದ ಪ್ರಮಾಣದಲ್ಲಿ, ನೂರಕ್ಕೆ 10ರಂತೆ ಹಂಚೋಣ. ಚಾಪೆಯವರು 50 ಕೊಡುತ್ತಾರೆ, ಚೀಲದವರು 1,200. ಇದು ನ್ಯಾಯವೆಂದು ಕಾಣುತ್ತದೆ. ಆದರೆ ಆರು ತಿಂಗಳು ಹೀಗೆಯೇ ನಡೆದರೆ ಚೀಲದವರಿಗೆ, ‘ಅಂಗಡಿಯನ್ನು ನಾನೊಬ್ಬಳೇ ಹೊರುತ್ತಿದ್ದೇನೆ’ ಎಂದು ಅನ್ನಿಸದಿರದು. ಅವರೂ ಒಂದು ದಿನ ಬೇರೆ ಅಂಗಡಿ ಇಡುತ್ತಾರೆ. ಮೂರನೆಯ ಕ್ರಮವೊಂದಿದೆ. ಅಂಗಡಿಯಲ್ಲಿ ಹೆಸರಿದ್ದುದಕ್ಕೆ ಪ್ರತಿಯೊಬ್ಬರೂ 100 ರೂಪಾಯಿ ಕೊಡಲಿ. ಆರು ಮಂದಿಯಿಂದ 600 ಆಯಿತು. ಉಳಿದ 2,400ನ್ನು ಮಾರಾಟದ ಮೇಲೆ ನೂರಕ್ಕೆ 8ರಂತೆ ತೆಗೆಯೋಣ. ಆಗ ಚಾಪೆಯವರದು 100 ಮತ್ತು 40, ಒಟ್ಟು 140. ಚೀಲದವರದು 100 ಮತ್ತು 960, ಒಟ್ಟು 1,060. ಮಾರಾಟವಾಗದಿದ್ದರೂ ಬೆಂಚಿನ ಮೇಲೆ ಜಾಗ ಹಿಡಿದವರು ಸ್ವಲ್ಪ ಕೊಟ್ಟರು. ಹೆಚ್ಚು ಮಾರಿದವರು ಹೆಚ್ಚು ಕೊಟ್ಟರು. ಮೂರು ಕ್ರಮಗಳಲ್ಲಿ ನಮಗೆ ಒಪ್ಪುವುದು ಇದು. ನಿಮಗೆ ಬೇರೆ ಒಪ್ಪಬಹುದು. ಯಾವುದನ್ನಾದರೂ ಮೊದಲ ವಸ್ತು ಮಾರಾಟವಾಗುವ ಮುಂಚೆ ಬರೆದು ಆರೂ ಮಂದಿ ರುಜು ಹಾಕಿರಬೇಕು. ಹಣ ಬಂದ ಮೇಲೆ ಮಾಡುವ ನಿಯಮ ಯಾರದೋ ಪಕ್ಷದ ನಿಯಮವಾಗಿಯೇ ಕಾಣುತ್ತದೆ.

ಬಂದ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಇದಕ್ಕಿಂತ ದೊಡ್ಡ ವಿಷಯ. ಈಗ ಹಣ ಕಳುಹಿಸುವುದು ಮೊಬೈಲಿನಲ್ಲಿ ಬೆರಳೊತ್ತಿದಷ್ಟೇ ಸುಲಭ. ಆದುದರಿಂದ ಕೂಟದಲ್ಲಿ ಚುರುಕಾದ ಒಬ್ಬರ ಸಂಖ್ಯೆಯನ್ನು ಕೊಟ್ಟುಬಿಡುತ್ತಾರೆ. ಅದೇ ಖಾತೆಗೆ ಅವರ ಸಂಬಳವೂ ಬರುತ್ತದೆ, ಅದರಿಂದಲೇ ಅಕ್ಕಿ ಸಾಮಾನಿನ ಹಣವೂ ಹೋಗುತ್ತದೆ. ಎರಡು ತಿಂಗಳಾಗುವಾಗ ಯಾವುದು ಚಾಪೆಯ ಹಣ, ಯಾವುದು ಮನೆಯ ಹಣ ಎಂದು ಅವರಿಗೇ ತಿಳಿಯದು. ಪ್ರಾಮಾಣಿಕರೂ ಇಲ್ಲಿ ಕೆಟ್ಟ ಹೆಸರು ಪಡೆಯುತ್ತಾರೆ. ಕೂಟದ ಹೆಸರಿನಲ್ಲಿಯೇ ಬ್ಯಾಂಕಿನ ಖಾತೆ ತೆರೆಯಬೇಕು. ಹಣ ತೆಗೆಯಲು ಇಬ್ಬರ ರುಜು ಬೇಕೆಂದಿರಬೇಕು. ತಿಂಗಳಿನ ಗೊತ್ತಾದ ಒಂದು ದಿನ ಎಲ್ಲರ ಪಾಲು ಸಂದಾಯವಾಗಬೇಕು. ನಮ್ಮ ತಾಯಂದಿರಿಗೆ ಇದು ಹೊಸದಲ್ಲ. 1998ರಲ್ಲಿ ಆರಂಭವಾದ ಕುಟುಂಬಶ್ರೀಯ ನೆರೆಕೂಟಗಳಲ್ಲಿ ವಾರವಾರ ಕುಳಿತು, ಉಳಿತಾಯದ ಹಣ ಎಣಿಸಿ, ಎಲ್ಲರ ಎದುರಿನಲ್ಲಿ ಪುಸ್ತಕಕ್ಕೆ ಬರೆಯುವುದನ್ನು ಅವರು ವರ್ಷಗಳಿಂದ ಮಾಡುತ್ತ ಬಂದಿದ್ದಾರೆ. ಕುಟುಂಬಶ್ರೀಗೆ ತನ್ನದೇ ಆದ ಆನ್‌ಲೈನ್ ಮಾರಾಟದ ವ್ಯವಸ್ಥೆಯೂ ಇದೆ. ಮೊಬೈಲು ಬಲ್ಲ ಮಕ್ಕಳು ಪುಸ್ತಕ ಬಲ್ಲ ತಾಯಿಯ ಹತ್ತಿರ ಕುಳಿತರೆ ಅರ್ಧ ಕೆಲಸ ಆದಂತೆ.

ಕೈಯಿಂದ ಮಾಡಿದ ವಸ್ತುವಿಗೆ ಇನ್ನೊಂದು ತೊಡಕಿದೆ. ಸಾಬೂನಿನ ಅಂಗಡಿಯಲ್ಲಿ ಒಂದು ಸಾಬೂನು ಮಾರಿದರೆ ಹಿಂದೆ ಅಂತಹದೇ ನೂರು ಇರುತ್ತವೆ. ಬುಟ್ಟಿಯಾದರೋ ಅದೊಂದೇ. ಅದರ ಚಿತ್ರ ಮೊಬೈಲಿನಲ್ಲಿದೆ, ವಸ್ತು ಆಯನದ ಸಂತೆಯಲ್ಲಿದೆ. ಸಂತೆಯಲ್ಲಿ ಒಬ್ಬರು ಕೊಂಡು ಹೋದರು. ಅದೇ ಸಂಜೆ ಮೈಸೂರಿನವರೊಬ್ಬರು ಚಿತ್ರ ನೋಡಿ ಹಣ ಕಳುಹಿಸಿದರು. ಒಂದು ಬುಟ್ಟಿ, ಇಬ್ಬರು ಒಡೆಯರು. ಸಂತೆಗೆ ಹೋಗುವ ವಸ್ತುವಿನ ಚಿತ್ರವನ್ನು ಆ ದಿನದ ಮಟ್ಟಿಗೆ ತೆಗೆದುಹಾಕುವ ಕೆಲಸ ಯಾರದ್ದೆಂದು ಹೆಸರು ಹಿಡಿದು ಹೇಳಿರಬೇಕು. ಹಾಗೆಯೇ, ದಾರಿಯಲ್ಲಿ ಒಡೆದುಹೋದರೆ ನಷ್ಟ ಎಲ್ಲರ ನಿಧಿಯಿಂದ. ಹೆಣಿಗೆ ಬಿಚ್ಚಿಕೊಂಡರೆ ಹೆಣೆದವರಿಂದ. ಒಬ್ಬರು ಕಂಡುಹಿಡಿದ ಮಾದರಿಯನ್ನು ಅದೇ ಕೂಟದ ಇನ್ನೊಬ್ಬರು ಕೇಳದೆ ಮಾಡಬಾರದು. ಈ ಕೊನೆಯದು ಹಣದ ಜಗಳಕ್ಕಿಂತ ಕಹಿಯಾದುದು.

ಕನ್ನಡ ಅಧ್ಯಾಪಕರಾದ ನಮಗೆ ಹೆಚ್ಚು ಆಸಕ್ತಿಯಿರುವುದು ಮುಂದಿನ ವಿಷಯದಲ್ಲಿ. ಸಂತೆಗೆ ಬಂದ ಗಿರಾಕಿ ಚಾಪೆಯನ್ನು ಮುಟ್ಟುತ್ತಾನೆ, ಮೂಸುತ್ತಾನೆ, ಬಿಡಿಸಿ ಹಾಕಿ ನೋಡುತ್ತಾನೆ. ಮೊಬೈಲಿನ ಗಿರಾಕಿಗೆ ಕೈಯಿಲ್ಲ, ಮೂಗಿಲ್ಲ. ಅವನಿಗಿರುವುದು ಒಂದು ಚಿತ್ರ ಮತ್ತು ನಾವು ಬರೆದ ನಾಲ್ಕು ಸಾಲು. ಒಂಬತ್ತನೆಯ ತರಗತಿಯಲ್ಲಿ ನಾವು ಇದನ್ನೇ ಒಂದು ರಚನೆಯ ಅಭ್ಯಾಸವಾಗಿ ಕೊಟ್ಟೆವು: ಒಂದು ಚಾಪೆಯನ್ನು, ಅದನ್ನು ಕಾಣದವರಿಗೆ ಮಾರಿರಿ. ಮೊದಲು ಬಂದ ಉತ್ತರಗಳೆಲ್ಲ ಒಂದೇ ಬಗೆಯವು. ‘ಇದು ತುಂಬಾ ಸುಂದರವಾದ ಚಾಪೆ. ಅತ್ಯುತ್ತಮ ಗುಣಮಟ್ಟದ್ದು. ಇಂದೇ ಕೊಳ್ಳಿರಿ.’ ಹಲಗೆಯ ಮೇಲೆ ಅದನ್ನು ಬರೆದು, ‘ಚಾಪೆ’ ಎಂಬುದನ್ನು ಒರೆಸಿ ‘ಬಕೆಟು’ ಎಂದು ಬರೆದೆವು. ಉಳಿದ ಮಾತುಗಳಲ್ಲಿ ಒಂದನ್ನೂ ಬದಲಾಯಿಸಬೇಕಾಗಲಿಲ್ಲ. ತರಗತಿ ನಕ್ಕಿತು. ಬಳಿಕ ಒಬ್ಬಳು ಮನೆಗೆ ಹೋಗಿ ಅಜ್ಜಿಯನ್ನು ಕೇಳಿ ಬರೆದು ತಂದುದು ಹೀಗಿತ್ತು: ‘ಉದ್ದ ಆರು ಅಡಿ, ಅಗಲ ಮೂರು ಅಡಿ. ಮುಂಡೇವಿನ ಓಲೆಯ ಮುಳ್ಳು ತೆಗೆದು, ಸೀಳಿ, ಒಣಗಿಸಿ ಹೆಣೆದದ್ದು. ಒಬ್ಬರು ಮಲಗಬಹುದು. ಹೊಸತರಲ್ಲಿ ಓಲೆಯ ವಾಸನೆ ಇರುತ್ತದೆ. ಸುರುಳಿ ಸುತ್ತಿ ಇಡಬೇಕು, ಮಡಚಬಾರದು. ಒದ್ದೆಯಾದರೆ ಕಪ್ಪಾಗುತ್ತದೆ.’

ಕೊನೆಯ ವಾಕ್ಯವನ್ನು ಬರೆಯಬಾರದಿತ್ತೆಂದು ಕೆಲವರು ಹೇಳಿದರು. ಒದ್ದೆಯಾದರೆ ಕಪ್ಪಾಗುತ್ತದೆ ಎಂದರೆ ಯಾರು ಕೊಳ್ಳುತ್ತಾರೆ? ನಮ್ಮ ಅಭಿಪ್ರಾಯದಲ್ಲಿ ಆ ಬರಹದಲ್ಲಿ ಚಾಪೆಯನ್ನು ಮಾರುವ ವಾಕ್ಯ ಅದೊಂದೇ. ಕುಂದನ್ನು ಮೊದಲೇ ಹೇಳಿದವರ ಗುಣದ ಮಾತನ್ನು ಜನ ನಂಬುತ್ತಾರೆ. ಅದಲ್ಲದೆ, ಕಪ್ಪಾದ ಚಾಪೆ ಹಿಂದಕ್ಕೆ ಬರುವುದಿಲ್ಲ. ಏಕೆಂದರೆ ಕೊಂಡವರಿಗೆ ಗೊತ್ತಿತ್ತು. ಅದೇ ರೀತಿಯಲ್ಲಿ, ಯಂತ್ರದ ಹೊಲಿಗೆಯನ್ನು ಕೈಹೊಲಿಗೆ ಎಂದೂ, ಪವರ್‌ಲೂಮಿನ ಬಟ್ಟೆಯನ್ನು ಕೈಮಗ್ಗದ್ದೆಂದೂ ಒಬ್ಬರು ಬರೆದರೆ ಕೆಡುವುದು ಅವರೊಬ್ಬರ ಹೆಸರಲ್ಲ. ಕೂಡು ಅಂಗಡಿಯಲ್ಲಿ ಹೆಸರೂ ಕೂಡು. ಆದುದರಿಂದ ಒಬ್ಬರು ಬರೆದುದನ್ನು ಇನ್ನೊಬ್ಬರು ವಸ್ತುವನ್ನು ಕೈಯಲ್ಲಿ ಹಿಡಿದು ಓದಿ ನೋಡದೆ ಹಾಕಬಾರದು. ನೇಕಾರರು ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಿದ್ದರಲ್ಲ, ಇದೂ ಅದೇ. ಇನ್ನು ಭಾಷೆ: ನಮ್ಮ ಮಕ್ಕಳ ಮನೆಮಾತು ತುಳು, ಬ್ಯಾರಿ, ಕೊಂಕಣಿ, ಮಲೆಯಾಳ, ಮರಾಠಿ, ಕಲಿಯುವುದು ಕನ್ನಡದಲ್ಲಿ. ಒಂದೇ ವಸ್ತುವಿನ ವಿವರವನ್ನು ಕನ್ನಡ, ಮಲೆಯಾಳ, ಇಂಗ್ಲಿಷ್ ಮೂರರಲ್ಲಿಯೂ ಬರೆಯಬಲ್ಲ ಮಕ್ಕಳು ಈ ಗಡಿನಾಡಿನಲ್ಲಿ ಸಿಗುವಷ್ಟು ಬೇರೆಡೆ ಸಿಗಲಾರರು. ಬೇರೆಯವರು ಸಂಬಳ ಕೊಟ್ಟು ಮಾಡಿಸುವ ಕೆಲಸ ಇದು.

ಬೆಲೆಯ ವಿಷಯದಲ್ಲಿ ಒಂದೇ ಮಾತು. ಚಾಪೆಗೆ ಎಷ್ಟು ದಿನ ಹಿಡಿಯಿತೆಂದು ಕೇಳಿದರೆ ಅಜ್ಜಿ, ‘ಬಿಡುವಿದ್ದಾಗ ಹೆಣೆದದ್ದು, ಅದಕ್ಕೇನು ಲೆಕ್ಕ’ ಎನ್ನುತ್ತಾರೆ. ಆ ಬಿಡುವಿನ ಗಂಟೆಗಳನ್ನು ಒಂದು ಬಾರಿಯಾದರೂ ಗಡಿಯಾರ ನೋಡಿ ಬರೆದಿಡಿರಿ. ಮೂರು ದಿನದ ಕೆಲಸವೆಂದಾದರೆ, ಊರಿನಲ್ಲಿ ಮೂರು ದಿನದ ಕೂಲಿ ಎಷ್ಟೆಂದು ನೋಡಿ, ಪೇಟೆಯಲ್ಲಿ ಆ ಚಾಪೆಗೆ ಕೊಡುವ ಬೆಲೆಯನ್ನು ಪಕ್ಕದಲ್ಲಿ ಬರೆಯಿರಿ. ಎರಡು ಅಂಕಿಗಳನ್ನು ನೋಡಿದ ಮೇಲೆ, ಮಗಳು ಚಾಪೆ ಹೆಣೆಯಲು ಏಕೆ ಕಲಿಯಲಿಲ್ಲವೆಂದು ಯಾರೂ ಕೇಳುವುದಿಲ್ಲ.

ಸಾಗಣೆಯಲ್ಲಿಯೂ ಗಣಿತ ಬೇಕು. ಬುಟ್ಟಿ ಹಗುರ, ಕಿಲೋ ಕೂಡ ತೂಗದು. ಕಳುಹಿಸುವ ಖರ್ಚೂ ಹಗುರವೆಂದು ಭಾವಿಸಿದರೆ ತಪ್ಪು. ಅನೇಕ ಕೊರಿಯರ್ ಸಂಸ್ಥೆಗಳು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತವೆ. ಹಾಗೆ ಬಂದ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಾದರೆ, ಅಷ್ಟು ಕಿಲೋಗೆ ಹಣ ಕೊಡಬೇಕು. ಉದ್ದ 40, ಅಗಲ 40, ಎತ್ತರ 30 ಇರುವ ಪೆಟ್ಟಿಗೆಯ ಗುಣಲಬ್ಧ 48,000. ಭಾಗಿಸಿದರೆ 9.6. ಮುಕ್ಕಾಲು ಕಿಲೋ ಬುಟ್ಟಿಗೆ ಒಂಬತ್ತೂವರೆ ಕಿಲೋಗಿಂತ ಹೆಚ್ಚಿನ ಬಾಡಿಗೆ! ಗಾಳಿಗೆ ಕೊಡುವ ಬಾಡಿಗೆ ಇದು. ಒಂದರೊಳಗೆ ಒಂದು ಕೂರುವಂತೆ ದೊಡ್ಡದು, ನಡುವಿನದು, ಸಣ್ಣದು ಎಂದು ಮೂರು ಹೆಣೆದು ಒಟ್ಟಿಗೆ ಮಾರಿದರೆ ಅದೇ ಬಾಡಿಗೆಯಲ್ಲಿ ಮೂರು ಬುಟ್ಟಿ ಹೋಗುತ್ತವೆ. ಚಾಪೆಯ ಸುರುಳಿಯ ನಡುವಿನ ತೂತಿನಲ್ಲಿ ಸೌಟುಗಳನ್ನು ಇಡಬಹುದು. ಇದು ಬೇರೆ ಬೇರೆ ಮನೆಯವರ ಸಾಮಾನು ಒಂದೇ ಅಂಗಡಿಯಲ್ಲಿದ್ದರೆ ಮಾತ್ರ ಸಾಧ್ಯ.

ಕೊನೆಗೆ ನಮ್ಮ ಗಡಿಯ ಸಂಗತಿ. ಕುಂಜತ್ತೂರಿಗೆ ಕಾಸರಗೋಡಿಗಿಂತ ಮಂಗಳೂರು ಹತ್ತಿರ. ನೆಂಟರು, ಆಸ್ಪತ್ರೆ, ಕಾಲೇಜು, ಗಿರಾಕಿ, ಎಲ್ಲ ಆ ಕಡೆ. ಆದರೆ ತೆರಿಗೆಯ ಕಾಯಿದೆಗೆ ತಲಪಾಡಿ ಒಂದು ದೊಡ್ಡ ಗೋಡೆ. ಜಿ.ಎಸ್.ಟಿ. ನೋಂದಣಿ ಇಲ್ಲದ ಸಣ್ಣ ಮಾರಾಟಗಾರರು ಕಂಪೆನಿಗಳ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ವಸ್ತುಗಳನ್ನು ಮಾರಲು 2023ರ ಅಕ್ಟೋಬರ್ 1ರಿಂದ ಅವಕಾಶ ಬಂತು. ಆದರೆ ತಮ್ಮ ರಾಜ್ಯದೊಳಗೆ ಮಾತ್ರ. ಎಂದರೆ ಅಲ್ಲಿ ಮಾರುವ ನಮ್ಮ ಬುಟ್ಟಿ ರಾಜ್ಯದ ಇನ್ನೊಂದು ತುದಿಯ ತಿರುವನಂತಪುರಕ್ಕೆ ಹೋಗಬಹುದು, ಉಳ್ಳಾಲಕ್ಕೆ ಹೋಗುವಂತಿಲ್ಲ. ಕೂಟದ ಸ್ವಂತ ಅಂಗಡಿಯಾದರೆ ಬೇರೊಂದು ದಾರಿಯಿದೆ. ಕೈಯಿಂದ ಮಾಡಿದ, ಸರಕಾರದ ಪಟ್ಟಿಯಲ್ಲಿರುವ ವಸ್ತುಗಳನ್ನು, ವರ್ಷದ ವ್ಯಾಪಾರ 20 ಲಕ್ಷ ರೂಪಾಯಿ ಮೀರದಿದ್ದರೆ, ನೋಂದಣಿಯಿಲ್ಲದೆಯೂ ಹೊರ ರಾಜ್ಯಕ್ಕೆ ಮಾರಬಹುದು. ಓಲೆ, ಹುಲ್ಲು, ನಾರಿನ ಚಾಪೆಗಳು ಆ ಪಟ್ಟಿಯಲ್ಲಿವೆ. ಕೂಟದ ಹೆಸರಿನಲ್ಲಿಯೇ ಮಾರುವುದಾದರೆ ಆರೂ ಮನೆಯ ವ್ಯಾಪಾರ ಸೇರಿ ಒಂದೇ ಲೆಕ್ಕ. ಪ್ಯಾನ್ ಸಂಖ್ಯೆ ಬೇಕು. ವಸ್ತುವಿನ ಬೆಲೆ ಎಷ್ಟೇ ಸಣ್ಣದಿರಲಿ, ಅದರೊಂದಿಗೆ ಇ-ವೇ ಬಿಲ್ ಎಂಬ ಸಾಗಣೆ ಚೀಟಿಯೂ ಬೇಕು. ನಿಯಮಗಳು ಬದಲಾಗುತ್ತಿರುವುದರಿಂದ ಅಂಗಡಿ ತೆರೆಯುವ ಮೊದಲು ತಿಳಿದವರನ್ನು ಕೇಳಿಕೊಳ್ಳಬೇಕು. ಮುನ್ನೂರು ರೂಪಾಯಿಯ ಚಾಪೆಯೊಂದು ತಲಪಾಡಿ ದಾಟುವ ಮೊದಲು ಆ ಚೀಟಿಯನ್ನು ಕೂಟದಲ್ಲಿ ಯಾರು ಬರೆಯುವುದು ಎಂಬುದನ್ನೂ ಅದೇ ನಿಯಮದ ಹಾಳೆಯಲ್ಲಿ ಬರೆದುಕೊಂಡಿರಬೇಕು.